ಹಳದಿ ಕಂಡ್ರ ಕೈ ಹಿಂದಕ್ಕ

ಆಗಸ್ಟ್ 18, ಸೋಮವಾರ

ಕುರುಗೋಡಿಗೆ ಬಂದು ಬಿದ್ದೀನಿ. ರೂಮಿಗೆ ಇರೋದು ಒಂದ ಕಿಟಕಿ, ಅದರ ಎದುರಿಗೇ ಮೆಣಸಿನಕಾಯಿ ಗೋದಾಮು. ಕಿಟಕಿ ತೆಗದ್ರ ಸಾಕು, ಅಕ್ಷಿ ಮ್ಯಾಲೆ ಅಕ್ಷಿ. ಕಣ್ಣಾಗ ನೀರು. "ರೂಢಿ ಆಗತೈತಿ ಬಿಡ್ರಿ ಮೇಡಂ" ಅಂದ್ರು ಮನಿ ಮಾಲೀಕರು. ಅವರಿಗೇನು, ಮೂಗೇ ಸತ್ತೈತಿ.

ಕಾಲೇಜು ಖಾಸಗಿದು, ಪಿಯುಸಿ ತನಕ. ಕೆಮಿಸ್ಟ್ರಿಗೆ ನಾನೊಬ್ಬಾಕಿನ. ಪ್ರಿನ್ಸಿಪಾಲ್ ಗುರುಬಸಮ್ಮ ಮೇಡಂ ಇತಿಹಾಸದವರು. "ದಸರಾತನ ನೋಡ್ತೀವಿ. ಚಲೋ ಮಾಡಿದ್ರ ಪರ್ಮನೆಂಟು" ಅಂದ್ರು. ನಾನು ಕೆಟ್ಟದಾಗಿ ಮಾಡಾಕ ಇಷ್ಟು ದೂರ ಬಂದೀನೇನು?

ಖುಷಿ ಅಂದ್ರ ಒಂದ. ಲ್ಯಾಬ್ ಅಟೆಂಡರ್ ನಮ್ಮ ಕೆಂಚಣ್ಣ ಕಾಕಾ! ನಮ್ಮೂರು ಕರೂರವನೇ, ಸತ್ತ ಅಪ್ಪನ ಜೀವದ ಗೆಣೆಯ. ನಾನು ಸಣ್ಣಾಕಿ ಇದ್ದಾಗ ಊರಿಗೆ ಬಂದಾಗೊಮ್ಮೆ ಪೇಪರಿನಾಗ ಸುತ್ತಿ ಒಂದು ಹಳ್ಳು ಮೈಲುತುತ್ತ ತಂದು ಕೊಡ್ತಿದ್ದ. "ನೆಕ್ಕಬ್ಯಾಡ ಮತ್ತ, ಸತ್ತು ಹೋಗ್ತಿ" ಅಂತಿದ್ದ. ಆ ನೀಲಿ ನೋಡಿ ನೋಡೀನ ನಾನು ಕೆಮಿಸ್ಟ್ರಿ ಹಿಡದದ್ದು. ಇವತ್ತು ಹುಡುಗರ ಮುಂದ "ನಮಸ್ಕಾರ್ರಿ ಮೇಡಂ" ಅಂದ. ಅವರು ಆಚಿ ಹೋದ ಕೂಡಲೇ "ಪಂಪೀ, ಉಂಡ್ಯೇನವ್ವ?" ಅಂದ. ಅಳು ಬಂದಂಗಾತು.

ಸಂಜಿಗೆ ಅವ್ವನ ಫೋನು. ನಾಟಿ ಹಚ್ಚಿ ಬಂದು ಸೊಂಟ ಹಿಡದೈತಂತ. ಅರ್ಧ ತಾಸು ಮಾತಾಡಿದ್ವಿ.

ಆಗಸ್ಟ್ 21, ಗುರುವಾರ

ಬೀರು ತೆಗದು ಬಾಟ್ಲಿ ನೋಡಾಕ ಕುಂತೆ. ಅಯ್ಯ ಶಿವನ! ಅರ್ಧಕ್ಕರ್ಧ ಬಾಟ್ಲಿಗೆ ಚೀಟೀನ ಇಲ್ಲ. ಹೆಸರಿರೋ ಜಾಗದಾಗ ವಿಭೂತಿ, ಕುಂಕುಮ.

"ಕಾಕಾ, ಇವು ಯಾಕ ಹಿಂಗದಾವು?"

"ವರ್ಷಾ ಆಯುಧ ಪೂಜಿಗೆ ಎಲ್ಲಾ ತೊಳಿತೀನವ್ವ. ಸೋಪು ಹಚ್ಚಿ ತಿಕ್ಕಿದ್ರ ಚೀಟಿ ನಿಲ್ತಾವೇನು? ದೇವರ ಮುಂದ ಹೊಲಸು ಬಾಟ್ಲಿ ಇಡಾಕ ಬರತೈತೇನು?"

ಯಾವ ಬಾಟ್ಲ್ಯಾಗ ಯಾವ ಆಸಿಡ್ ಅನ್ನೋದು ಎಲ್ಲಾ ಅವನ ತಲ್ಯಾಗ ಐತಂತ. ಆ ತಲಿನ್ನ ಎಷ್ಟು ಸಲ ತಿಕ್ಕಿ ತೊಳದಾನೋ.

ಇಲ್ಲಿ ಇನ್ನೊಂದು ಪದ್ಧತಿ ಐತಿ. ಆಯುಧ ಪೂಜಿ ದಿನ ಲ್ಯಾಬಿನ ದೃಷ್ಟಿ ತೆಗಿಯಾಕ ಎಲ್ಲಾರಂಗ ಅರಿಶಿಣ-ಸುಣ್ಣದ ಓಕಳಿ ಕಲಸಂಗಿಲ್ಲ. ಹಿತ್ತಾಳಿ ಪರಾತದಾಗ ನೀರು ತುಂಬಿ ಕ್ಷಾರ ತಾಗಿದ್ರ ಕೆಂಪಾಗೋ ಫಿನಾಲ್ಫ್ತಲೀನ್ ನಾಕು ಹನಿ ಹಾಕ್ತಾರ. ಬಟಾಣಿ ಗಾತ್ರದ ಸೋಡಿಯಂ ಚೂರು ಬಿಡ್ತಾರ. ಅದು ಚುಂಯ್ ಅಂತ ಗಿರಗಿರ ತಿರುಗಿಕೋತ ಹೋದ ದಾರಿ ಎಲ್ಲ ನೀರು ಕೆಂಪು. ತಾನಾಗೇ ಆದ ಓಕಳಿ! ಅದನ್ನ ಲ್ಯಾಬಿಗೆ ನಿವಾಳಿಸಿ ಚೆಲ್ಲೋದು. ಕಾಲೇಜು ಕಟ್ಟಿದ ಹಿರಿಯರ ಕಾಲದ್ದಂತ. ರಜಾ ಇದ್ರೂ ಆ ದಿನ ಹುಡುಗರೆಲ್ಲ ಬರ್ತಾರ, ಊರ ಮಂದೀನೂ ಬರ್ತಾರಂತ.

"ಹೋದ ವರ್ಷಕ್ಕ ಸೋಡಿಯಂ ಮುಗೀತು. ಚಿಂತಿಲ್ಲ, ಹಿಂದ ಇನ್ನೊಂದು ಬಾಟ್ಲಿ ಐತಿ" ಅಂತ ಕಾಕಾ ಕೈ ಹಾಕಿ ಒಂದು ಬಾಟ್ಲಿ ತೆಗದ. ಚೀಟಿ ಇಲ್ಲ. ತಳದಾಗ ಒಂಚೂರು ಸೀಮೆಎಣ್ಣಿ. ಎಣ್ಣಿಯಿಂದ ತಲಿ ಹೊರಗ ಹಾಕ್ಕೊಂಡು ಒಂದು ದೊಡ್ಡ ಗಡ್ಡಿ, ಅದರ ಮ್ಯಾಲೆಲ್ಲ ಹಳದಿ ಹಕ್ಕಳಿ.

"ಗಾಳಿ ತಾಗದಂಗ ಮುಳುಗಿರಬೇಕಲ್ಲ, ಎಣ್ಣಿ ಯಾಕ ತುಂಬಿಲ್ಲ?"

"ಸೊಸೈಟ್ಯಾಗ ಸೀಮೆಎಣ್ಣಿ ಕೊಡೋದು ನಿಂತು ಯಾವ ಕಾಲ ಆತು! ಎಲ್ಲಿಂದ ತರ್ಲಿ?"

ಆ ಹಳದಿ ನನಗ ಸರಿ ಕಾಣಲಿಲ್ಲ. ಬಾಟ್ಲಿ ಇಸಗೊಂಡು ಮೆಲ್ಲಕ ಇದ್ದಲ್ಲೇ ಇಟ್ಟೆ.

ಆಗಸ್ಟ್ 22, ಶುಕ್ರವಾರ

ಬಾಟ್ಲಿ ಬಾಯಿಗೆ ಅಂಟಿದ್ದ ಬಿಳಿ ಪುಡಿ ಒಂದು ಕಣ ತಂತಿಗೆ ಹಚ್ಚಿ ಬೆಂಕ್ಯಾಗ ಹಿಡದೆ. ಸೋಡಿಯಂ ಆಗಿದ್ರ ಉರಿ ಅರಿಶಿಣದಂಗ ಆಗಬೇಕು. ಆಗಲಿಲ್ಲ. ತಿಳಿ ನೇರಳಿ.

ಪೊಟ್ಯಾಸಿಯಂ. ಸೋಡಿಯಂನ ಅಣ್ಣ.

ಎಂ.ಎಸ್ಸಿ ಓದುವಾಗ ನಮ್ಮ ಮೇಷ್ಟ್ರು ಬೆರಳು ಎತ್ತಿ ಹೇಳಿದ್ದು ಇನ್ನೂ ಕಿವ್ಯಾಗ ಐತಿ. "ಪೊಟ್ಯಾಸಿಯಂ ಹಳೇದಾಗಿ ಮ್ಯಾಲೆ ಹಳದಿ ಕಂಡ್ರ ಕೈ ಹಿಂದಕ್ಕ. ಕೊಯ್ಯಬ್ಯಾಡ್ರಿ, ಕೆರಿಬ್ಯಾಡ್ರಿ. ಆ ಹಕ್ಕಳಿ ಚಾಕುವಿನ ಒತ್ತಿಗೆ ಒಳಗಿನ ಲೋಹಕ್ಕ ಸೇರಿತಂದ್ರ ಕೈಯಾಗ ಸಿಡಿತೈತಿ. ನೀರು ಸೈತ ಬೇಕಾಗಿಲ್ಲ."

ಕಾಕಾನ್ನ ಸ್ಟೂಲ್ ಮ್ಯಾಲೆ ಕುಂದ್ರಿಸಿ ಎಲ್ಲಾ ಹೇಳಿದೆ. ಸಾಲಿ ಹುಡುಗನಂಗ ಬಾಯಿಪಾಠ ಮಾಡಿಸಿದೆ.

"ಹಳದಿ ಕಂಡ್ರ?"

"ಕೈ ಹಿಂದಕ್ಕ."

"ಇನ್ನೊಮ್ಮೆ."

"ಕೈ ಹಿಂದಕ್ಕ ಮಾರಾಯ್ತಿ! ನೀ ಬ್ಯಾಡಂದ್ರ ಮುಟ್ಟಂಗಿಲ್ಲ, ನೀ ಮುಟ್ಟಂದ್ರ ಮುಟ್ತೀನಿ. ನೀ ಓದಿದಾಕಿ" ಅಂದ.

ಬೀರಿಗೆ ಬೀಗ ಜಡದು ಕೀಲಿ ನನ್ನ ಪರ್ಸಿನಾಗ ಇಟ್ಟಗೊಂಡೀನಿ. ಕಾಕಾನ ಕೈಗೆ ಏನರ ಆದ್ರ ನಾನು ಅವ್ವನ ಮಕ ನೋಡಂಗಿಲ್ಲ.

ಆಗಸ್ಟ್ 26, ಮಂಗಳವಾರ

ಇವತ್ತು ಕ್ಲಾಸ್ ಭಾರಿ ಆತು. ಪ್ರಶ್ನಿ ಹಾಕಿದೆ: "ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಒಂದ ಮನೆತನದವು. ಕೆಳಗ ಇಳದಂಗ ಸಿಟ್ಟು ಯಾಕ ಹೆಚ್ಚಾಗತೈತಿ?" ಎಲ್ಲಾರೂ ಪುಸ್ತಕದ ಸಾಲು ಒದರಿದ್ರು. ಪುಸ್ತಕ ಮುಚ್ಚಿಸಿದೆ.

ಲಿಥಿಯಂ ಅಂದ್ರ ಎರಡು ಅಂಕಣದ ಮನಿ. ತಾಯಿ ಒಳಗ ಒಲಿ ಮುಂದ, ಒಂದ ಕೂಸು ಬಾಗಿಲಾಗ ಆಡಾಕತ್ತೈತಿ. ತಾಯಿ "ಏಯ್" ಅಂದ್ರ ಸಾಕು, ಕೂಸಿಗೆ ಕೇಳತೈತಿ. ಅದನ್ನ ಯಾರೂ ಕರಕೊಂಡು ಹೋಗಾಕ ಆಗಂಗಿಲ್ಲ. ಆ ಕೂಸ ಹೊರಗಿನ ಎಲೆಕ್ಟ್ರಾನ್. ಒಲಿ ಮುಂದಿನ ತಾಯಿ ನ್ಯೂಕ್ಲಿಯಸ್.

ಸೋಡಿಯಂಗ ನಡುವ ಒಂದು ಪಡಸಾಲಿ ಬಂತು. ಪೊಟ್ಯಾಸಿಯಂಗ ಪಡಸಾಲಿ ಮ್ಯಾಲೆ ಪಡಸಾಲಿ. ಅದರ ತಾಯಿ ದನಿ ದೊಡ್ಡದ ಐತಿ, ಸುಳ್ಳಲ್ಲ. ಆದ್ರ ನಡುವ ಕುಂತ ಮಂದಿ ಗದ್ದಲದಾಗ ಆ ದನಿ ಹೊರಗ ಮುಟ್ಟಂಗಿಲ್ಲ. ಕೂಸು ಎಲ್ಲೋ ದೂರ, ಓಣಿ ಕಟ್ಟಿ ಮ್ಯಾಲೆ. ನೀರು ಬಂದು "ಬಾ" ಅಂತ ಕೈ ಹಿಡದ್ರ ಹೊಂಟ್ಹೋತು. ಹೋಗೋ ಹೊತ್ತಿಗೆ ಕಾವು ಹುಟ್ಟತೈತಿ, ನೀರಿನಿಂದ ಹೈಡ್ರೋಜನ್ ಏಳತೈತಿ. ಸೋಡಿಯಂನಾಗ ಬರೇ ಚುಂಯ್ ಅನ್ನೋದು ಪೊಟ್ಯಾಸಿಯಂನಾಗ ಬೆಂಕಿ ಹತ್ತತೈತಿ. ಇನ್ನೂ ಕೆಳಗಿನ ಸೀಸಿಯಂ ಅಂತೂ ಗಾಳಿ ತಾಗಿದ್ರ ಸಾಕು. ಅದನ್ನ ಗಾಜಿನ ಕೊಳವಿಯೊಳಗ ಇಟ್ಟು ಬಾಯಿ ಕರಗಿಸಿ ಮುಚ್ಚಿರ್ತಾರ.

"ಹಂಗಾರ ತಪ್ಪು ಕೂಸಿಂದೇನ್ರಿ ಮೇಡಂ?" ಅಂತ ಹಿಂದಿನ ಬೆಂಚಿನ ಹುಡುಗಿ ಕೇಳಿದ್ಲು.

"ತಪ್ಪು ಯಾರದೂ ಅಲ್ಲವ್ವ, ತಪ್ಪು ದೂರ ಹೋದದ್ದು" ಅಂದೆ. ಕಾಕಾ ಬಾಗಿಲಾಗ ನಿಂತು ಕೇಳಿ "ಇದನ್ನ ನನಗ್ಯಾರೂ ಹೇಳಿರಲಿಲ್ಲ ನೋಡು" ಅಂದ.

ಆಗಸ್ಟ್ 30, ಶನಿವಾರ

ಗುರುಬಸಮ್ಮ ಮೇಡಂಗ ಹೇಳಿದೆ: ಆ ಬಾಟ್ಲಿ ಮುಟ್ಟಂಗಿಲ್ಲ, ಓಕಳಿ ಈ ವರ್ಷ ಬ್ಯಾಡ. ಅವರ ಮಕ ಹುಳ್ಳಗಾತು.

"ಓಕಳಿ ಬಿಡೋದು ಅಂದ್ರೇನ್ರಿ ಮೇಡಂ! ಅದನ್ನ ಶುರು ಮಾಡಿದವರು ನಮ್ಮ ಸಂಸ್ಥಾದ ಅಧ್ಯಕ್ಷರ ತಂದಿ. ಈ ಸಲ ಅಧ್ಯಕ್ಷರು ಖುದ್ದು ಬರ್ತಾರ, ವಿಡಿಯೋದವರು ಬರ್ತಾರ. ನೀವ ಮುಂದ ನಿಂತು ಮಾಡಿ ತೋರಿಸ್ರಿ, ವಿವರಣಿ ಕೊಡ್ರಿ. ಇದಕ್ಕಿಂತ ಚಲೋ ಅವಕಾಶ ನಿಮಗ ಎಲ್ಲಿ ಸಿಗತೈತಿ?"

ಸೋಡಿಯಂ ಹೊಸಾದು ತರಾಕ ಬಳ್ಳಾರಿಗೆ ಹೋಗು ಅಂದ್ರು. ಅದು ಖರೆ ದಾರಿ. ಒಪ್ಪಿದೆ. ಹೊರಗ ಬರುವಾಗ ಕರದು "ವೇದಿಕಿ ಮ್ಯಾಲೆ ಐತಿ-ಗೀತಿ ಬ್ಯಾಡ್ರಿ ಮತ್ತ. ಶುದ್ಧ ಕನ್ನಡ ಇರ್ಲಿ" ಅಂದ್ರು. ತಾವೇನು ಭಾರಿ ಮಾತಾಡ್ತಾರ! ಇರ್ಲಿ, ಈ ಡೈರ್ಯಾಗ ಬರದು ಬರದು ರೂಢಿ ಮಾಡ್ಕೋತೀನಿ.

ಸೆಪ್ಟೆಂಬರ್ 6, ಶನಿವಾರ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಶೇಖರ್ ಅನ್ನೋವರ ಕೆಮಿಕಲ್ ಅಂಗಡಿ ಹುಡುಕೋದ್ರಾಗ ಸಾಕುಬೇಕಾತು. "ಸೋಡಿಯಂ ಸ್ಟಾಕ್ ಇಲ್ರಿ ಅಕ್ಕಾವ್ರೆ. ಆರ್ಡರ್ ಹಾಕಿದ್ರೂ ದಸರಾ ಮುಗಿದ ಮ್ಯಾಲೇನ" ಅಂದ್ರು. ಬೇರೆ ಎರಡು ಅಂಗಡಿ ಕೇಳಿದೆ, ಅದೇ ಮಾತು. ಫಿನಾಲ್ಫ್ತಲೀನ್ ಮಾತ್ರ ತಂದೆ.

ಬರೋವಾಗ ಒಂದು ಸೀರೆ ಅಂಗಡಿ. ನೇರಳೆ ರೇಷ್ಮೆ, ಸಣ್ಣ ಜರಿ. ಸುಮ್ಮನೆ ನೋಡಾಕಂತ ಒಳಗ ಹೋಗಿ ತಗೊಂಡೇ ಬಂದೆ. ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ.

ಬಸ್ಸಿನ ಸದ್ದಿನಾಗ ಅವ್ವನ ಫೋನ್ ಬಂದದ್ದು ಕೇಳಿಸಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಸೋಡಿಯಂ ಇಲ್ಲ ಎಂದೆ. ಗುರುಬಸಮ್ಮ ಮೇಡಂ ಚಹಾ ತರಿಸಿದರು. "ಇರೋದ್ರಾಗ ಮಾಡ್ರಿ ಮೇಡಂ. ಇಷ್ಟು ವರ್ಷ ಮೂಲ್ಯಾಗ ಸುಮ್ಮನ ಕುಂತದ್ದು ಈಗ ಎದ್ದು ಬಂದು ಕಚ್ಚತೈತೇನು?"

ನಗು ಬಂತು, ನಕ್ಕೆ. ಮತ್ತೆ ಹಳದಿ ಹಕ್ಕಳಿಯ ವಿಷಯ ಹೇಳಿದೆ. "ಎಂ.ಎಸ್ಸಿ ಮಾಡಿದವರು ನೀವು. ಏನರ ದಾರಿ ತೆಗೀರಿ. ನಿಮ್ಮ ಮ್ಯಾಲೆ ನನಗ ನಂಬಿಕಿ ಐತಿ" ಅಂದರು. ಇಷ್ಟು ವರ್ಷದ ಓದಿನಲ್ಲಿ ನನಗೆ ಹಾಗೆ ಹೇಳಿದವರು ಕಡಿಮೆ.

ದಾರಿ ಇದ್ದೇ ಇರುತ್ತದೆ. ಬಾಟಲಿಯ ತಳದಲ್ಲಿ, ಎಣ್ಣೆಯೊಳಗೆ ಮುಳುಗಿ, ಕಡಲೆಬೇಳೆಯಷ್ಟು ಒಂದು ಬಿಡಿ ಚೂರು ಇದೆ. ಅದರ ಮೇಲೆ ಹಳದಿ ಇಲ್ಲ. ನೋಡಿದ್ದೇನೆ.

ಸೆಪ್ಟೆಂಬರ್ 15, ಸೋಮವಾರ

ಎಂಥ ಬಣ್ಣ!

ಆ ಬಿಡಿ ಚೂರನ್ನು ಇಕ್ಕಳದಲ್ಲಿ ಎತ್ತಿ ನೀರಿಗೆ ಬಿಟ್ಟೆ. ಸೋಡಿಯಂ ಇದರ ಮುಂದೆ ಏನೂ ಅಲ್ಲ. ಬಿದ್ದ ಕ್ಷಣಕ್ಕೇ ಉರಿ, ನೇರಳೆ ಉರಿ, ನೀರಿನ ಮೇಲೆ ಓಡಿತು. ಹಿಂದೆಯೇ ನೀರು ಕೆಂಪಾಗುತ್ತಾ ಬಂತು. ಗುರುಬಸಮ್ಮ ಮೇಡಂ ಚಪ್ಪಾಳೆ ತಟ್ಟಿ ನನ್ನ ಭುಜ ಹಿಡಿದುಕೊಂಡರು. "ಇದ! ಇದನ್ನ ತೋರಿಸ್ರಿ ಅಧ್ಯಕ್ಷರಿಗೆ!" ಎಂದರು.

ಕೆಂಚಣ್ಣ ಕಾಕಾ ಬಾಗಿಲ ಹತ್ತಿರವೇ ನಿಂತಿದ್ದರು. ನಕ್ಕರು, ಆದರೆ ಒಳಗೆ ಬರಲಿಲ್ಲ. "ಆ ಚೂರು ಮುಗೀತಲ್ಲವ್ವ, ಇನ್ನ ಉಳದದ್ದು ಆ ಗಡ್ಡೀನ" ಎಂದರು. ಹೌದು, ಗೊತ್ತಿದೆ. ಖುಷಿಯ ಹೊತ್ತಿನಲ್ಲಿ ಅದನ್ನು ನೆನಪಿಸಬೇಕಿತ್ತೇ?

ಸೆಪ್ಟೆಂಬರ್ 21, ಭಾನುವಾರ

ಮಾನಮಿ ಅಮಾವಾಸ್ಯೆ. ಹಿರಿಯರಿಗೆ ಎಡೆ ಹಿಡಿಯಲು ಊರಿಗೆ ಬಾ ಎಂದು ಅವ್ವ ಮೂರು ದಿನದಿಂದ ಹೇಳುತ್ತಿದ್ದಳು. ಹೋಗಲಾಗಲಿಲ್ಲ. ಸಿರುಗುಪ್ಪದಲ್ಲಿ ಬಸ್ ಬದಲಿಸಿ ಕರೂರು ಮುಟ್ಟುವುದರಲ್ಲಿ ಅರ್ಧ ದಿನ ಹೋಗುತ್ತದೆ. ಭಾಷಣ ಇನ್ನೂ ಮುಗಿದಿಲ್ಲ.

"ಅಪ್ಪನ ಎಡಿಗೆ ಒಬ್ಬಾಕಿ ಮಗಳು, ನೀನ ಬರ್ಲಿಲ್ಲ ಅಂದ್ರ ಹೆಂಗ?" ಎಂದಳು. ಮುಂದಿನ ವರ್ಷ ಎಂದೆ. "ನಿನ್ನ ದನಿ ಯಾಕೋ ಬ್ಯಾರೆ ಕೇಳತೈತಲ್ಲ, ನೆಗಡಿ ಆಗೇತೇನು?" ಎಂದಳು. ಏನೂ ಆಗಿಲ್ಲ ಎಂದು ಇಟ್ಟೆ.

ಸೆಪ್ಟೆಂಬರ್ 25, ಗುರುವಾರ

ಭಾಷಣ ಸಿದ್ಧವಾಯಿತು. ಅಂಕಣದ ಮನೆ, ಒಲೆ, ಕೂಸು ಎಲ್ಲ ತೆಗೆದುಹಾಕಿದೆ. ವೇದಿಕೆಗೆ ಅದು ಹಳ್ಳಿಗಾಡಿನದಾಯಿತು. ಈಗ ಹೀಗಿದೆ: "ಹೊರಗಿನ ಎಲೆಕ್ಟ್ರಾನ್ ಪಂಜರ ಬಿಟ್ಟ ಹಕ್ಕಿ. ಕಕ್ಷೆ ದೂರವಾದಷ್ಟೂ ಅದರ ಸ್ವಾತಂತ್ರ್ಯ ಹೆಚ್ಚು." ಅಧ್ಯಕ್ಷರಿಗೆ ಇಷ್ಟವಾಗಬಹುದು. ಕನ್ನಡಿ ಮುಂದೆ ಹೇಳಿ ನೋಡಿದೆ, ಚೆನ್ನಾಗಿ ಬರುತ್ತಿದೆ.

ಬಾಟಲಿಯನ್ನು ಬೆಳಕಿಗೆ ಹಿಡಿದು ಗಡ್ಡೆಯನ್ನು ಮತ್ತೊಮ್ಮೆ ನೋಡಿದೆ. ಹಳದಿ ಮೇಲಷ್ಟೇ ಇರಬಹುದು. ತೆಳುವಾಗಿ ಕೆರೆದರೆ ಒಳಗೆ ಬೆಳ್ಳಗಿರುತ್ತದೆ. ನಮ್ಮ ಮೇಷ್ಟ್ರಿಗೆ ಮೊದಲಿನಿಂದಲೂ ಅಂಜಿಕೆ ಜಾಸ್ತಿ, ಎಲ್ಲದಕ್ಕೂ ಬೆರಳು ಎತ್ತುವ ಮನುಷ್ಯ.

ಕಿಟಕಿ ಈಗ ದಿನವಿಡೀ ತೆರೆದೇ ಇರುತ್ತದೆ. ಗಾಳಿ ಚೆನ್ನಾಗಿದೆ.

ಸೆಪ್ಟೆಂಬರ್ 30, ಮಂಗಳವಾರ

ಲ್ಯಾಬ್ ತೊಳೆಸಿದ್ದಾಯಿತು. ಬಾಳೆಕಂಬ ಬಂತು. ಅಟೆಂಡರಿಗೆ ಬೀರುವಿನ ಕೀಲಿ ಕೊಟ್ಟು, ನಾಳೆ ಹಕ್ಕಳೆ ಕೆರೆದು ಬಟಾಣಿಯಷ್ಟು ಚೂರು ಕೊಯ್ದಿಡಲು ಸೂಚಿಸಿದೆ. ಕೀಲಿಯನ್ನು ಅಂಗೈಯಲ್ಲಿ ತಿರುವಿ ನೋಡಿದರು.

"ಹಳದಿ ಐತಲ್ರಿ ಮೇಡಂ."

"ಇದೆ. ಮೇಲಷ್ಟೇ. ನಾನು ನೋಡಿದ್ದೇನೆ."

"ಆತು ಬಿಡ್ರಿ. ನೀವು ನೋಡೀರಂದ್ರ ಮುಗೀತು."

ಸುತ್ತಲೂ ಯಾರೂ ಇರಲಿಲ್ಲ, ಆದರೂ ಮೇಡಂ ಎಂದೇ ಕರೆದರು. ಒಳ್ಳೆಯದೇ, ರೂಢಿಯಾಗಲಿ.

ಅಕ್ಟೋಬರ್ 1, ಬುಧವಾರ, ಬೆಳಿಗ್ಗೆ

ಇನ್ನೇನು ಹೊರಡಬೇಕು. ಗೇಟಿನಲ್ಲಿ ಆರತಿ ಹಿಡಿದು ಅಧ್ಯಕ್ಷರನ್ನು ಬರಮಾಡಿಕೊಳ್ಳುವವಳು ನಾನೇ ಎಂದು ಗುರುಬಸಮ್ಮ ಮೇಡಂ ಹೇಳಿದ್ದಾರೆ. ಅಷ್ಟರೊಳಗೆ ಚೂರು ಸಿದ್ಧವಿರುತ್ತದೆ. ರೇಷ್ಮೆ ಸೀರೆಯಲ್ಲಿ ಆ ಕೆಲಸ ಹೇಗೂ ಆಗುವುದಿಲ್ಲ.

ನೆರಿಗೆ ಚೆನ್ನಾಗಿ ಕೂತಿದೆ. ಅವ್ವನ ಫೋನ್ ಬರುತ್ತಿದೆ. ಬಂದ ಮೇಲೆ ಮಾಡಿದರಾಯಿತು.

ಅಕ್ಟೋಬರ್ 4, ಶನಿವಾರ, ಬಳ್ಳಾರಿ

ಆಸ್ಪತ್ರಿ ಬೆಂಚಿನ ಮ್ಯಾಲೆ ಕುಂತು ಬರಿಯಾಕತ್ತೀನಿ.

ಗೇಟಿನಾಗ ಆರತಿ ತಾಟು ಹಿಡಕೊಂಡು ನಿಂತಿದ್ದೆ. ತಿರುವಿನಾಗ ಕಾರು ಕಂಡಿತ್ತು. ಹಿಂದ ಢಂ ಅಂತು. "ಯಾವನೋ ಪಟಾಕಿ ಹಚ್ಚಿದ ನೋಡ್ರಿ" ಅಂತ ಗುರುಬಸಮ್ಮ ಮೇಡಂ ನಕ್ರು. ನಾನು ನಗಲಿಲ್ಲ. ಸದ್ದು ಕೇಳಿದ ಕೂಡಲೇ ಗೊತ್ತಾತು. ಕೇಳೋಕಿಂತ ಮೊದಲೂ ಗೊತ್ತಿತ್ತು. ತಾಟು ಎಲ್ಲಿ ಬಿತ್ತೋ, ಓಡಿದೆ.

ಪುಣ್ಯಾಕ ಹುಡುಗರೆಲ್ಲ ಅಂಗಳದಾಗ ಇದ್ರು. ಲ್ಯಾಬಿನಾಗ ಕಾಕಾ ಒಬ್ಬನೇ ಗ್ವಾಡಿಗೆ ಒರಗಿ ಕುಂತಿದ್ದ. ಮಕದ ಮ್ಯಾಲೆ ಎಡಗೈ ಇಟ್ಟಗೊಂಡಿದ್ದ. ಬಲಗೈ ನೋಡಾಕ ಆಗಲಿಲ್ಲ. ಪರಾತದ ನೀರು ತಿಳಿಯಾಗೇ ಇತ್ತು, ಅದರಾಗ ನಾಕು ಸೇವಂತಿ ಎಸಳು ತೇಲಾಕತ್ತಿದ್ವು. ಅವನ ಬಟ್ಟಿಗೆ ಹತ್ತಿದ ಉರಿನ ನನ್ನ ಸೀರಿ ಬಿಚ್ಚಿ ಒತ್ತಿ ಆರಿಸಿದೆ ಅಂತ ಹುಡುಗ್ಯಾರು ಹೇಳ್ತಾರ. ನನಗ ನೆನಪಿಲ್ಲ.

ಒಂದು ಕಣ್ಣು ಹೋತು. ಇನ್ನೊಂದು ಈಗ ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟರು. ಬಲಗೈ ಎರಡು ಬೆರಳಿಲ್ಲ. ನನಗ ಮೈಲುತುತ್ತ ತಂದು ಕೊಟ್ಟ ಕೈ ಅದು.

ನಿನ್ನೆ ಗುರುಬಸಮ್ಮ ಮೇಡಂ ಬಂದು ಕಾರಿಡಾರಿನಾಗ ನನ್ನ ಪಕ್ಕಕ್ಕ ಕರದ್ರು. "ಅಟೆಂಡರು ಯಾರನ್ನೂ ಕೇಳದ ತಾನಾಗಿ ಬೀರು ತೆಗದ ಅಂತ ಹೇಳ್ರಿ. ಅವನೂ ಹಂಗ ಹೇಳ್ತಾನ. ನಿಮ್ಮ ಪರ್ಮನೆಂಟ್ ಆರ್ಡರಿಗೆ ಅಧ್ಯಕ್ಷರು ಸಹಿ ಹಾಕ್ಯಾರ" ಅಂದ್ರು. ನಾನು ಹೂಂನೂ ಅನ್ನಲಿಲ್ಲ, ಉಹೂಂನೂ ಅನ್ನಲಿಲ್ಲ. ಅದಕ್ಕೂ ನಾಚಿಕಿ ಆಗತೈತಿ.

ಇವತ್ತು ಪೊಲೀಸರು ಬಂದ್ರು. ಒಬ್ಬಾತ ಮಂಚದ ಬಾಜೂಕ ಕುರ್ಚಿ ಹಾಕ್ಕೊಂಡು ಬರಕೊಳ್ಳಾಕ ಕುಂತ. ಕಾಕಾನ ಎರಡೂ ಕಣ್ಣಿಗೆ ಪಟ್ಟಿ. "ಯಾರೂ ಹೇಳಿಲ್ರಿ ಸಾಹೇಬ್ರ. ನಾನಾಗೇ ತೆಗದೆ, ನಾನಾಗೇ ಕೊಯ್ದೆ" ಅಂದ. ನಾನು ಕಾಲ ಕಡೆ ನಿಂತಿದ್ದೆ. ನನ್ನ ಬಳಿಗೋಳ ಸದ್ದಿಗೆ ನಾನ ಅಂತ ಗೊತ್ತಾತೇನೋ, ಎಡಗೈ ಚಾಚಿ "ಪಂಪೀ?" ಅಂದ. ಹತ್ರ ಹೋಗಿ ಕೈ ಹಿಡಕೊಂಡೆ.

"ಉಂಡ್ಯೇನವ್ವ?"

ಅವನ ಹೊದಿಕಿ ಸರಿ ಮಾಡಿದೆ. ಅವನೇ ಮೆಲ್ಲಕ, ನನಗಷ್ಟ ಕೇಳೋ ಹಂಗ, ಅಂದ. "ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಹಳದಿ ಕಂಡ್ರ ಕೈ ಹಿಂದಕ್ಕ ಅಂತ ಬಾಯಿಪಾಠ ಮಾಡಿಸಿದ್ದಿ. ಆಮ್ಯಾಲೆ ಕೆರಿ ಅಂದಿ. ಈಗಿನ ಹೊಸಾ ಪುಸ್ತಕದಾಗ ಅದು ಬದಲಾಗೇತೇನವ್ವ?"

ಚೇಷ್ಟೆಗೆ ಕೇಳಿದ್ದಲ್ಲ. ಖರೇನ ಕೇಳಿದ. ಮೂರು ದಿನ ಕತ್ತಲ್ಯಾಗ ಮಲಗಿ ಅದನ್ನೊಂದ ಯೋಚನಿ ಮಾಡ್ಯಾನ.

"ಇಲ್ಲ ಕಾಕಾ. ಪುಸ್ತಕದಾಗ ಏನೂ ಬದಲಾಗಿಲ್ಲ" ಅಂದೆ. ಸಣ್ಣ ದನೀಲಿ ಹೇಳೋದು ನನ್ನ ಕೈಲಿ ಆಗಲಿಲ್ಲ, ಇಡೀ ವಾರ್ಡಿಗೆ ಕೇಳ್ತು. "ಮುಟ್ಟಿದ್ರ ಸಿಡಿತೈತಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ನಾನ ಕೀಲಿ ಕೊಟ್ಟೆ. ನಾನ ಕೆರಿ ಅಂದೆ."

ಕಾಕಾ ನನ್ನ ಕೈ ಬಿಡಲಿಲ್ಲ. ಮಕ ಗ್ವಾಡಿ ಕಡಿ ತಿರುಗಿಸಿದ.

ಪೊಲೀಸಾತ ಪೆನ್ನು ನಿಲ್ಲಿಸಿ, ಬರದಿದ್ದನ್ನ ಹೊಡದು ಹಾಕಿ ಹೊಸಾ ಹಾಳಿ ತೆಗದ. "ನಿಮ್ಮ ಹೆಸರು ಹೇಳ್ರಿ" ಅಂದ.

ಹೇಳಿದೆ. ಊರು ಯಾವುದು ಅಂದ. ಕರೂರು ಅಂದೆ.